ಇನ್ನೂ ಹೆಸರಿಡದ ಮಂಕು: ಡಾಕ್ಟರ ಹತ್ರ ಹೋಗೋವರೆಗೆ ಏನು ಮಾಡೋದು?

ಹೇಮಾವತಿ_ದಂಡೆ (ಆಲೂರು)

ನೇರವಾಗಿ ಕೇಳ್ತೀನಿ. ಖಿನ್ನತೆ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆದರೆ ಎರಡು ಮೂರು ತಿಂಗಳಿಂದ ಮನುಷ್ಯ ಮಂಕು. ಬೆಳಗಿನ ಜಾವಕ್ಕೇ ಎಚ್ಚರ, ಊಟ ಸೇರಲ್ಲ, ಫೋನ್ ಬಂದ್ರೆ ಎತ್ತಲ್ಲ, ತೋಟಕ್ಕೆ ಹೊರಟು ಅರ್ಧ ದಾರೀಲಿ ವಾಪಸ್. ಮನೆಯವರು ಗ್ಯಾಸ್ಟ್ರಿಕ್ ಅಂತಾರೆ, ಪಕ್ಕದವರು ದೃಷ್ಟಿ ಅಂತಾರೆ. ಹೀಗಿರೋರು ಹಾಸನ, ಚಿಕ್ಕಮಗಳೂರು ಎರಡೂ ಕಡೆ ಇದ್ದಾರೆ, ಆಸ್ಪತ್ರೆ ಮೆಟ್ಟಿಲು ಮಾತ್ರ ಹತ್ತಿರಲ್ಲ. ಹತ್ತೋವರೆಗೆ ಮನೇಲಿ ಏನು ಮಾಡಬಹುದು, ಏನು ಮಾಡಬಾರದು, ಯಾವಾಗ ಕಾಯೋದನ್ನ ಬಿಡಬೇಕು? ಗೊತ್ತಿರೋರು ಬರೀರಿ. "ಧೈರ್ಯವಾಗಿರಿ" ಒಂದು ಬೇಡ.

ನರ್ಸಕ್ಕ_ಹಾಸನ

ಮೊದಲು ಅಳತೆ. ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ, 2001ರಿಂದ ಬಳಕೆಯಲ್ಲಿದೆ, ಕಾಸಿಲ್ಲ, ಕನ್ನಡದಲ್ಲೂ ಸಿಗುತ್ತೆ. ಹಿಂದಿನ 14 ದಿನದ ಬಗ್ಗೆ ಒಂಬತ್ತು ವಿಷಯ ಕೇಳುತ್ತೆ: ಯಾವುದರಲ್ಲೂ ಆಸಕ್ತಿ ಇಲ್ಲದಿರೋದು, ಬೇಜಾರು ಅಥವಾ ಮುಂದೆ ದಾರಿ ಇಲ್ಲ ಅನ್ಸೋದು, ನಿದ್ದೆ ಬರದೇ ಇರೋದು ಅಥವಾ ಅತಿಯಾಗಿ ಬರೋದು, ಸುಸ್ತು, ಹಸಿವು ಕಮ್ಮಿ ಇಲ್ಲಾ ಜಾಸ್ತಿ, ನಾನು ಕೆಲಸಕ್ಕೆ ಬಾರದವನು, ಮನೆಯವರಿಗೆ ನಿರಾಸೆ ಮಾಡಿದೆ ಅನ್ನೋ ಭಾವನೆ, ಪೇಪರ್ ಓದಿದ್ರೂ ತಲೆಗೆ ಹತ್ತದಿರೋದು, ಬೇರೆಯವರ ಕಣ್ಣಿಗೆ ಬೀಳೋಷ್ಟು ನಿಧಾನ ಆಗಿರೋದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಕೊನೇದು, ಸತ್ತರೆ ಚೆನ್ನಾಗಿತ್ತು ಅಥವಾ ಏನಾದ್ರೂ ಮಾಡ್ಕೋಬೇಕು ಅನ್ನೋ ಯೋಚನೆ.

ಒಂದೊಂದಕ್ಕೂ 0ಯಿಂದ 3. ಇಲ್ಲವೇ ಇಲ್ಲ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಮ್ಮಿ ದಿನಾ 3. "ಕೆಲವು ದಿನ" ಅಂದ್ರೆ ಎಷ್ಟು ಅಂತ ಜನ ಒದ್ದಾಡ್ತಾರೆ. 2ರಿಂದ 6 ದಿನ ಇದ್ರೆ 1, 7ರಿಂದ 11 ಇದ್ರೆ 2, 12 ಅಥವಾ ಹೆಚ್ಚು ಇದ್ರೆ 3 ಅಂತ ಇಟ್ಕೊಳ್ಳಿ. ಒಟ್ಟು 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಹೆಚ್ಚು, 20ರಿಂದ ತೀವ್ರ. 10 ಮುಟ್ಟಿದ್ರೆ ಡಾಕ್ಟರ ದಾರಿ ಹಿಡೀಬೇಕು. ಒಂಬತ್ತನೇ ಪ್ರಶ್ನೆಗೆ 0 ಬಿಟ್ಟು ಬೇರೆ ಏನೇ ಬಂದ್ರೂ ಒಟ್ಟು ಅಂಕ ನೋಡೋ ಹಾಗಿಲ್ಲ, ಅವತ್ತೇ ಯಾರ ಹತ್ರನಾದ್ರೂ ಬಾಯಿ ಬಿಡಬೇಕು. 14416, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ಕಾಫಿ_ಕಣ

ಅಕ್ಕ, ಇದನ್ನ ತುಂಬಿ ನಾವೇ ರೋಗ ಅಂಟಿಸ್ಕೊಂಡ್ರೆ? ನವೆಂಬರಿಂದ ಹಣ್ಣು ಕೊಯ್ಲು ಇರೋವಾಗ ಯಾವ ತೋಟದೋನಿಗೆ ಸುಸ್ತಿಲ್ಲ ಹೇಳಿ?

ನರ್ಸಕ್ಕ_ಹಾಸನ

ಸರಿಯಾದ ಮಾತು. ಜ್ವರ ಎಷ್ಟಿದೆ ಅಂತ ಥರ್ಮಾಮೀಟರ್ ಹೇಳುತ್ತೆ, ಟೈಫಾಯ್ಡೋ ಮಲೇರಿಯಾನೋ ಅಂತ ಹೇಳಲ್ಲ. ಇದೂ ಅಷ್ಟೇ. ಕೊಯ್ಲಿನ ಸುಸ್ತು ಒಂದು ರಾತ್ರಿ ಚೆನ್ನಾಗಿ ಮಲಗಿದ್ರೆ ಇಳಿಯುತ್ತೆ, ಭಾನುವಾರ ಕೋಳಿ ಸಾರು ಅಂದ್ರೆ ಬಾಯಲ್ಲಿ ನೀರು ಬರುತ್ತೆ. ಇಲ್ಲಿ ಎರಡೂ ಆಗಲ್ಲ. ಸುಸ್ತಿಗಿಂತ ಮೊದಲೆರಡು ಪ್ರಶ್ನೆ ಮುಖ್ಯ, ಆಸಕ್ತಿ ಮತ್ತು ಬೇಜಾರು. ಆ ಎರಡರಲ್ಲೇ 3 ಅಥವಾ ಹೆಚ್ಚು ಬಂದ್ರೆ ಉಳಿದ ಏಳನ್ನೂ ಬಿಡದೆ ತುಂಬಿ.

ಎರಡು ವಾರಕ್ಕೊಮ್ಮೆ ಸಾಕು. ದಿನಾ ತುಂಬೋರಿಗೆ ಅಂಕ ನೋಡೋದೇ ಒಂದು ಗೀಳಾಗುತ್ತೆ. ತಾರೀಖು ಹಾಕಿ ಒಂದೇ ಪುಸ್ತಕದಲ್ಲಿ ಬರೆದಿಡಿ. ಮುಂದೆ ಡಾಕ್ಟರಿಗೆ ತೋರಿಸೋ ಮೊದಲ ದಾಖಲೆ ಅದು.

ಗುಳಿಗೆ_ಲೆಕ್ಕ (ಫಾರ್ಮಸಿಸ್ಟ್, ಚಿಕ್ಕಮಗಳೂರು)

ಅಂಕ 10 ದಾಟಿದರೂ ಮನಸ್ಸಿನದೇ ಅಂತ ತೀರ್ಮಾನ ಮಾಡಬೇಡಿ. ಮೈಯಿಂದಲೂ ಇದೇ ರೂಪದಲ್ಲಿ ಬರುವ ಕಾಯಿಲೆಗಳಿವೆ. ಊರಿನ ಡಾಕ್ಟರ ಹತ್ತಿರವೇ ಚೀಟಿ ಬರೆಸಿಕೊಂಡು ಮಾಡಿಸಬಹುದಾದ ರಕ್ತಪರೀಕ್ಷೆ ನಾಲ್ಕು: ಹಿಮೋಗ್ಲೋಬಿನ್ ಸೇರಿದ ರಕ್ತದ ಎಣಿಕೆ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12 ವಿಟಮಿನ್, ಸಕ್ಕರೆ.

ಥೈರಾಯ್ಡ್ ನಿಧಾನವಾದರೆ ಸುಸ್ತು, ಮಂಕು, ಮಲಬದ್ಧತೆ, ಚಳಿ ತಡೆಯದಿರುವುದು, ತೂಕ ಏರುವುದು ಎಲ್ಲ ಬರುತ್ತದೆ. ಗಳಗಂಡ ಮಲೆನಾಡಿಗೆ ಹೊಸದಲ್ಲ, ಹಾಗಾಗಿ ಇಲ್ಲಿ ಇದನ್ನು ಬಿಡಲೇಬಾರದು. ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ.

ಎಡವಟ್ಟು ಎಲ್ಲಾಗುತ್ತದೆ ಅಂದರೆ, "ನರ ವೀಕ್ನೆಸ್" ಅಂತ ಮೊದಲೇ ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡು ಆಮೇಲೆ ಪರೀಕ್ಷೆಗೆ ಹೋಗುತ್ತಾರೆ. ಅಂಕಿ ಮೇಲೆ ಹೋಗಿರುತ್ತದೆ, ಮೊದಲು ಕೊರತೆ ಇತ್ತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ರಕ್ತ ಮೊದಲು, ಸೂಜಿ ಆಮೇಲೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ನುಂಗುವವರಲ್ಲಿ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿದವರಲ್ಲಿ, ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕುಸಿಯುವ ಸಾಧ್ಯತೆ ಹೆಚ್ಚು. ಮಂಕನ್ನು ಗ್ಯಾಸ್ ಅಂದುಕೊಂಡು ನುಂಗಿದ ಮಾತ್ರೆಯೇ ಸುಸ್ತಿಗೆ ಇನ್ನೊಂದು ಕಾರಣ ಸೇರಿಸಿದ ಹಾಗಾಗುತ್ತದೆ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ ಜೊತೆ ಬೇಡ, ಹೀರಿಕೆ ಕಡಿಮೆಯಾಗುತ್ತದೆ. ಒಂದು ಗಂಟೆ ಅಂತರವಿರಲಿ. ಸ್ಟಿರಾಯ್ಡ್, ಕೆಲವು ಮೂರ್ಛೆ ಮಾತ್ರೆಗಳೂ ಮನಸ್ಸನ್ನು ಏರುಪೇರು ಮಾಡುತ್ತವೆ. ಈಗ ನುಂಗುತ್ತಿರುವ ಎಲ್ಲದರ ಪಟ್ಟಿ ಬರೆದಿಡಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಮೂಡಿಗೆರೆ_ಮಳೆ

ಮಾತ್ರೆ ಅಂಗಡಿಯವರೇ ಬಂದಿರೋದರಿಂದ ಕೇಳಿಬಿಡ್ತೀನಿ. ನೆಂಟರೊಬ್ಬರಿಗೆ ಬರೆದ ಹಳೇ ಚೀಟಿ ಇಟ್ಕೊಂಡು ಅದೇ ಮಾತ್ರೆ ತಗೊಳ್ಳೋದು ಮಾಮೂಲಿ ಆಗಿದೆಯಲ್ಲ ಸಾರ್, ಅದರಲ್ಲಿ ಅಪಾಯ ಏನು?

ಗುಳಿಗೆ_ಲೆಕ್ಕ

ಒಂದಲ್ಲ. ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ತರಹದ ಖಿನ್ನತೆಯ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸು, ತಲೆನೋವು, ಚಡಪಡಿಕೆ ಮಾತ್ರ ಮೊದಲ ವಾರವೇ ಬರುತ್ತವೆ. ಹೇಳುವವರಿಲ್ಲದಿದ್ದರೆ ಐದನೇ ದಿನಕ್ಕೆ "ಇದು ಆಗಿಬರಲ್ಲ" ಅಂತ ಬಿಡುತ್ತಾರೆ. ಕೆಲವರು ಎರಡು ತಿಂಗಳು ನುಂಗಿ, ಹುಷಾರಾಯಿತು ಅಂತ ಒಮ್ಮೆಲೇ ನಿಲ್ಲಿಸುತ್ತಾರೆ. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಸಿಡುಕು ಶುರುವಾಗುತ್ತದೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಹಂತಹಂತವಾಗಿ ಇಳಿಸುವುದು ಕ್ರಮ.

ಇನ್ನೊಂದು, ಎಸ್ಸಿಟಾಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಸೇರಿಸಿದ ಒಂದೇ ಮಾತ್ರೆ ಸಿಗುತ್ತದೆ. ಕ್ಲೋನಾಜೆಪಾಮ್, ಅಲ್ಪ್ರಜೋಲಾಮ್ ಎರಡೂ ಮೊದಲ ರಾತ್ರಿಯೇ ನಿದ್ದೆ ತರುತ್ತವೆ, ಅದಕ್ಕೇ ಜನಕ್ಕೆ ಪ್ರೀತಿ. ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಮಾತ್ರೆ ಇಲ್ಲದೆ ನಿದ್ದೆಯಿಲ್ಲ. ಖಿನ್ನತೆ ಇದ್ದಲ್ಲೇ ಇರುತ್ತದೆ.

ಎಲ್ಲಕ್ಕಿಂತ ದೊಡ್ಡದು ಬೈಪೋಲಾರ್, ಅಂದರೆ ಖಿನ್ನತೆ, ಅತಿ ಉತ್ಸಾಹ (ಉನ್ಮಾದ) ಎರಡೂ ಬಂದುಹೋಗುವ ಕಾಯಿಲೆ. ಹಿಂದೆ ಯಾವಾಗಲಾದರೂ ನಾಲ್ಕು ದಿನ, ಒಂದು ವಾರ ಮೂರೇ ಗಂಟೆ ಮಲಗಿಯೂ ದಣಿವಿಲ್ಲದೆ, ಮಾತು ನಿಲ್ಲದೆ, ಸಿಕ್ಕಾಪಟ್ಟೆ ಖರ್ಚು, ಹೊಸ ಯೋಜನೆ ಅಂತ ಓಡಾಡಿದ್ದುಂಟೇ? ಇದ್ದರೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟಾಗ ಉನ್ಮಾದದ ಕಡೆಗೆ ವಾಲಬಹುದು. ನೆಂಟರ ಚೀಟಿ ಈ ಪ್ರಶ್ನೆ ಕೇಳುವುದಿಲ್ಲ. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗುವುದುಂಟು, ಪಕ್ಕದಲ್ಲಿ ಗಮನಿಸುವವರು ಇರಲೇಬೇಕು.

ಕಾಫಿ_ಕಣ

ನಮ್ಮ ಕಡೆ ಹಿರಿಯರ ಮಾತು ಒಂದೇ: ಕೆಲಸದಲ್ಲಿ ಮುಳುಗು, ಎಲ್ಲ ಮರೆತುಹೋಗುತ್ತೆ. ಅದರಲ್ಲಿ ಸತ್ಯ ಇಲ್ವಾ?

ಸಮಾಲೋಚಕಿ_ಬೇಲೂರು

ಅರ್ಧ ಇದೆ. ಚಟುವಟಿಕೆ ಖಿನ್ನತೆಗೆ ನಿಜಕ್ಕೂ ಚಿಕಿತ್ಸೆ, ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರೂ ಇದೆ. ಹಿರಿಯರ ಮಾತಲ್ಲಿ ತಪ್ಪಿರೋದು ಅಳತೆಯಲ್ಲಿ. ಮುಳುಗು ಅಂದ್ರೆ ಮುಳುಗಿಯೇ ಹೋಗ್ತಾರೆ. ಐದೆಕರೆ ಕಳೆ ಹೊಡೆಸ್ತೀನಿ ಅಂತ ಹೊರಟು, ಒಂಬತ್ತು ಗಂಟೆಗೆ ಕೈ ಸೋತು ಮನೆಗೆ ಬಂದು, "ಇದೂ ನನ್ನ ಕೈಲಾಗಲಿಲ್ಲ" ಅಂತ ಇನ್ನೊಂದು ಕಲ್ಲು ಎದೆ ಮೇಲೆ ಇಟ್ಕೊಂಡು ಮಲಗ್ತಾರೆ.

ಹೀಗೆ ಮಾಡಿ ನೋಡಿ. ಮೊದಲ ಮೂರು ದಿನ ಏನನ್ನೂ ಬದಲಿಸಬೇಡಿ. ಎರಡೆರಡು ಗಂಟೆಗೊಮ್ಮೆ ಏನು ಮಾಡ್ತಿದ್ರಿ, ಮನಸ್ಸು 10ಕ್ಕೆ ಎಷ್ಟಿತ್ತು ಅಂತ ಒಂದು ಸಾಲು. "11 ಗಂಟೆ, ಮಂಚದ ಮೇಲೆ ಫೋನ್, 2." "4 ಗಂಟೆ, ಕೊಟ್ಟಿಗೆಯಲ್ಲಿ ಕರು ಹತ್ರ, 4." ಇಡೀ ದಿನ ಒಂದೇ ಸಮ ಕತ್ತಲೆ ಅಂದುಕೊಂಡೋರಿಗೂ ಎರಡರಿಂದ ನಾಲ್ಕಕ್ಕೆ ಏರೋ ಜಾಗ ಎಲ್ಲಾದರೂ ಕಾಣುತ್ತೆ.

ನಾಲ್ಕನೇ ದಿನದಿಂದ ದಿನಕ್ಕೆ ಮೂರೇ ಮೂರು. ಮೈಗೊಂದು, ಮನೆಗೆಲಸಕ್ಕೊಂದು, ಮನುಷ್ಯರಿಗೊಂದು. ಪ್ರತಿಯೊಂದಕ್ಕೂ ಹೊತ್ತು ನಿಗದಿ ಮಾಡಿ, ಹಿಂದಿನ ರಾತ್ರಿಯೇ ಬರೆದಿಡಿ. ಅತೀ ಕೆಟ್ಟ ದಿನವೂ ಆಗುವಷ್ಟು ಚಿಕ್ಕದಿರಬೇಕು. ಇಡೀ ಅಂಗಳ ಗುಡಿಸೋದಲ್ಲ, ತುಳಸಿ ಕಟ್ಟೆ ಮುಂದೆ ಐದು ನಿಮಿಷ. ಸ್ನಾನ ಆಗಲ್ವಾ, ಬಚ್ಚಲ ಒಲೆಗೆ ಉರಿ ಹಾಕೋದಷ್ಟೇ ಇವತ್ತಿನ ಕೆಲಸ. ನೀರು ಕಾದರೆ ಮೀಯೋದು ಆಮೇಲಿನ ಮಾತು. ಮನುಷ್ಯರಿಗೊಂದು ಅಂದ್ರೆ ಒಬ್ಬರಿಗೆ ಎರಡು ನಿಮಿಷದ ಫೋನ್, ಇಲ್ಲ ಅಂಗಡಿಗೆ ಹೋಗಿ ಹಾಲು ತರೋದು. ಆಗಲಿಲ್ವಾ, ಮಾರನೇ ದಿನ ಅದರ ಅರ್ಧ ಮಾಡಿ. ನಿನ್ನೆ ಬಿಟ್ಟಿದ್ದನ್ನ ಇವತ್ತಿಗೆ ಸೇರಿಸಬೇಡಿ, ಬಾಕಿ ಬೆಳೆದ್ರೆ ಸಾಲದ ಥರ ಹೆದರಿಸುತ್ತೆ.

ಜನ ಹೆಚ್ಚಾಗಿ ಜಾರೋದು "ಮನಸ್ಸು ಬಂದಾಗ ಮಾಡ್ತೀನಿ" ಅನ್ನೋ ಕಡೆ. ಈ ಕಾಯಿಲೆಯಲ್ಲಿ ಮನಸ್ಸು ಮೊದಲು ಬರಲ್ಲ. ಗಡಿಯಾರ ನೋಡಿ ಶುರು ಮಾಡಬೇಕು, ಮನಸ್ಸು ಬಂದರೆ ಮಧ್ಯದಲ್ಲಿ ಬರುತ್ತೆ. ಇನ್ನು ಕೆಲವರು "ಮಾಡಿದೆ, ಖುಷಿ ಆಗಲಿಲ್ಲ" ಅಂತ ಬಿಡ್ತಾರೆ. ಮೊದಲೆರಡು ವಾರ ಖುಷಿ ಲೆಕ್ಕಕ್ಕಿಲ್ಲ. ಆಯ್ತಾ ಇಲ್ವಾ, ಟಿಕ್ ಹಾಕಿ, ಅಷ್ಟೇ. ಎರಡು ಮೂರು ವಾರ ಇಷ್ಟು ಚಿಕ್ಕದಾಗಿ ಮಾಡಿಯೂ ಪಿಎಚ್‌ಕ್ಯೂ ಅಂಕ ಕದಲದಿದ್ರೆ ಅದು ಸೋಮಾರಿತನ ಅಲ್ಲ ಅನ್ನೋದಕ್ಕೆ ನಿಮ್ಮ ಪುಸ್ತಕವೇ ಸಾಕ್ಷಿ. ಆಗ ಮನೆಮದ್ದಿನ ಹಂತ ಮುಗೀತು.

ಮೂಡಿಗೆರೆ_ಮಳೆ

ಹೊರಗೆ ನಡೀರಿ ಅಂತ ಎಲ್ಲಾ ಕಡೆ ಬರೀತಾರೆ. ಜೂನಿಂದ ಸೆಪ್ಟೆಂಬರ್ ನಮ್ಮಲ್ಲಿ ಹೊರಗೆ ಕಾಲಿಡೋದು ಹೇಗೆ? ಮಳೆ, ಉಂಬಳ, ಕರೆಂಟೂ ಇಲ್ಲ. ಹಗಲೇ ದೀಪ ಹಚ್ಚೋ ಹಾಗಿರುತ್ತೆ.

ಸಮಾಲೋಚಕಿ_ಬೇಲೂರು

ಅದಕ್ಕೇ ನಮ್ಮಲ್ಲಿ ಮಳೆಗಾಲಕ್ಕೆ ಬೇರೆ ಏರ್ಪಾಡು ಬೇಕು. ಮೋಡ ಕವಿದ ಹಗಲಿನ ಬಯಲಲ್ಲೂ ಬೆಳಕು ಸಾಮಾನ್ಯವಾಗಿ ಸಾವಿರ ಲಕ್ಸ್ (ಬೆಳಕಿನ ಅಳತೆ) ಮೇಲೇ ಇರುತ್ತೆ, ಬಲ್ಬ್ ಉರಿಯೋ ಕೋಣೇಲಿ ಕೆಲವು ನೂರು ಅಷ್ಟೇ. ಅಂದ್ರೆ ಒಳಗಿನ ಕೋಣೆ ಬಿಟ್ಟು ಜಗಲಿಯ ಅಂಚಿಗೆ ಕುರ್ಚಿ ಎಳೆದರೂ ಲಾಭ. ಎದ್ದ ಒಂದು ಗಂಟೆಯೊಳಗೆ ಅರ್ಧ ಗಂಟೆ ಅಲ್ಲಿ ಕೂರಿ, ಮುಖ ಅಂಗಳದ ಕಡೆಗಿರಲಿ. ಮಳೆ ಹೊಳವಾದಾಗ ಸಿಮೆಂಟಿನ ಕಣದಲ್ಲಿ ಸುತ್ತು ಹಾಕಿ, ಅಲ್ಲಿ ಉಂಬಳದ ಕಾಟ ಕಮ್ಮಿ. ಪಾಚಿ ಕಟ್ಟಿದ್ರೆ ಮಾತ್ರ ಹುಷಾರು, ಜಾರುತ್ತೆ. ಮೊದಲ ವಾರ 10 ನಿಮಿಷ, ಆಮೇಲೆ 30ರವರೆಗೆ, ವಾರಕ್ಕೆ ನಾಲ್ಕೈದು ದಿನ. ಉಸಿರು ಸ್ವಲ್ಪ ಏರಬೇಕು, ಮಾತಾಡೋಕೆ ಆಗಬೇಕು, ಅಷ್ಟು ವೇಗ.

ನರ್ಸಕ್ಕ_ಹಾಸನ

ನಿದ್ದೆಗೆ ಒಂದು ಸೇರಿಸ್ತೀನಿ. ಮಲಗೋ ಹೊತ್ತನ್ನ ಹಿಡಿಯೋಕೆ ಹೋಗಬೇಡಿ, ಏಳೋ ಹೊತ್ತನ್ನ ಹಿಡೀರಿ. ಆರೂವರೆ ಅಂದ್ರೆ ಭಾನುವಾರವೂ ಆರೂವರೆ. ಇಪ್ಪತ್ತು ನಿಮಿಷ ಅನ್ನೋಷ್ಟು ಹೊತ್ತಾದ್ರೂ ನಿದ್ದೆ ಬರದಿದ್ರೆ ಹಾಸಿಗೆ ಬಿಟ್ಟು ಮಂದ ಬೆಳಕಲ್ಲಿ ಕೂತು, ಕಣ್ಣು ಎಳೆದಾಗ ವಾಪಸ್ ಬನ್ನಿ. ಗಡಿಯಾರ ನೋಡಬೇಡಿ. ಹಗಲು ನಿದ್ದೆ ಬೇಕೇ ಬೇಕು ಅಂದ್ರೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮೀರದಂತೆ.

ಕಾಫಿ_ಕಣ

ಕಾಫಿ ಬಿಡಿ ಅಂತ ಮಾತ್ರ ಹೇಳಬೇಡಿ ಅಕ್ಕ, ಚಿಕ್ಕಮಗಳೂರಲ್ಲಿ ಅದು ಜಾತಿಭ್ರಷ್ಟ ಮಾಡಿದ ಹಾಗೆ.

ಗುಳಿಗೆ_ಲೆಕ್ಕ

ಬಿಡಬೇಕಿಲ್ಲ, ಹೊತ್ತು ನೋಡಿ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಐದಾರು ಗಂಟೆ ಬೇಕು. ಸಂಜೆ ಐದರ ಲೋಟದ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲೇ ಇರುತ್ತದೆ. ಮಧ್ಯಾಹ್ನ ಎರಡರ ನಂತರ ಬೇಡ. ರೋಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ, ನಿಮ್ಮ ಪುಡಿಯಲ್ಲಿ ಏನು ಬೆರೆತಿದೆ ಅಂತ ಕೇಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆ ಮಟ್ಟಿಗೆ ಚಿಕೋರಿ ಬೆರೆಸಿದ್ದೇ ವಾಸಿ. (ಬೆಳೆಗಾರರು ಬೈದುಕೊಳ್ಳಲಿ.) ದಿನಕ್ಕೆ ಆರು ಲೋಟದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು, ಮಂಕು ಇನ್ನೂ ಹೆಚ್ಚುತ್ತದೆ. ಎರಡು ದಿನಕ್ಕೊಂದು ಲೋಟ ಇಳಿಸಿ.

ಹೇಮಾವತಿ_ದಂಡೆ

ಇನ್ನೊಂದು ಲೋಟದ ವಿಷಯ ಯಾರೂ ಎತ್ತಲಿಲ್ಲ. ಸಂಜೆ ಎಣ್ಣೆ.

ನರ್ಸಕ್ಕ_ಹಾಸನ

ಮದ್ಯ ನಿದ್ದೆಗೆ ಬೇಗ ದೂಡುತ್ತೆ, ಎರಡು ಮೂರು ಗಂಟೆ ರಾತ್ರಿಗೆ ಎಬ್ಬಿಸುತ್ತೆ, ಮಾರನೇ ಬೆಳಗ್ಗೆ ಮನಸ್ಸನ್ನ ಇನ್ನೊಂದು ಮೆಟ್ಟಿಲು ಇಳಿಸುತ್ತೆ. ವಾರಕ್ಕೊಮ್ಮೆ ಕುಡಿಯೋರು ನಿಲ್ಲಿಸಿ ನೋಡಬಹುದು. ಆದರೆ ದಿನಾ ಕುಡಿಯೋರು, ಬೆಳಗ್ಗೆ ಕೈ ನಡುಗೋರು ಮನೇಲಿ ಒಮ್ಮೆಲೇ ನಿಲ್ಲಿಸಬಾರದು. ಬಿಟ್ಟ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಯಾರೋ ಬಂದ ಹಾಗೆ ಕಾಣೋದು, ಗಾಬರಿ, ಬೆವರು. ಅದನ್ನ "ಗಾಳಿ ಸೋಕಿದೆ" ಅಂತ ಕಟ್ಟಿಹಾಕಿ ಕೂರಿಸ್ತಾರೆ, ಜೀವಕ್ಕೇ ಅಪಾಯ. ಆಸ್ಪತ್ರೇಲಿ ಥಯಮಿನ್ (ಬಿ1 ವಿಟಮಿನ್) ಕೊಟ್ಟು, ಮಾತ್ರೆ ಕೊಟ್ಟು ಇಳಿಸಬೇಕು. ಅಂಥ ಲಕ್ಷಣ ಕಂಡ್ರೆ 108.

ಬಾಣಂತಿಯರ ವಿಷಯವೂ ಇಲ್ಲೇ ಹೇಳಿಬಿಡ್ತೀನಿ. ಹೆರಿಗೆ ಆದ ಮೇಲೆ ಅಳು, ಚಡಪಡಿಕೆ ಎರಡು ವಾರದೊಳಗೆ ತಾನಾಗಿ ಇಳಿದ್ರೆ ಸರಿ. ದಾಟಿದ್ರೆ ಅದು ಬಾಣಂತನದ ಸುಸ್ತಲ್ಲ. ಲಸಿಕೆಗೆ ಬಂದಾಗ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಹೇಳಿ. ಮಗುವಿಗೆ ಏನಾದ್ರೂ ಮಾಡಿಬಿಡ್ತೀನೇನೋ ಅನ್ನೋ ಯೋಚನೆ, ಇಲ್ಲದ ದನಿ ಕೇಳೋದು ಇದ್ರೆ ಅವತ್ತೇ ಆಸ್ಪತ್ರೆ.

ಮೂಡಿಗೆರೆ_ಮಳೆ

ಮನೆಯವರು ಏನು ಮಾಡಬೇಕು? ಒಂಟಿ ತೋಟದ ಮನೆ, ಹತ್ತಿರದ ಮನೆಗೆ ಒಂದು ಕಿಲೋಮೀಟರ್.

ಸಮಾಲೋಚಕಿ_ಬೇಲೂರು

"ನಿನಗೇನು ಕಮ್ಮಿ ಆಗಿದೆ?" ಅನ್ನೋದನ್ನ ನಿಲ್ಲಿಸಿದ್ರೇ ದೊಡ್ಡ ಉಪಕಾರ. "ಏನಾದ್ರೂ ಬೇಕಾ?" ಅಂದ್ರೂ ಉತ್ತರ ಬರಲ್ಲ, ಬೇಕು ಬೇಡ ತೀರ್ಮಾನಿಸೋ ಶಕ್ತಿಯೇ ಕುಂದಿರುತ್ತೆ. "ಹತ್ತೂವರೆಗೆ ಗಂಜಿ ತರ್ತೀನಿ, ಜೊತೆಗೇ ಕೂತು ಕುಡಿಯೋಣ" ಅನ್ನಿ. ಹೊತ್ತು, ಕೆಲಸ ಎರಡೂ ನೀವೇ ಹೇಳಿ.

ಸಾಯೋ ಯೋಚನೆ ಬರುತ್ತಾ ಅಂತ ಬಾಯಿಬಿಟ್ಟು ಕೇಳಿ. ಕೇಳಿದ್ರೆ ಇಲ್ಲದ್ದು ತಲೆಗೆ ಹೊಕ್ಕುತ್ತೆ ಅನ್ನೋದು ಸುಳ್ಳು, ಕೇಳಿದಾಗ ಎಷ್ಟೋ ಜನಕ್ಕೆ ಎದೆ ಹಗುರವಾಗುತ್ತೆ. ಹೌದು ಅಂದ್ರೆ ಭಾಷಣ ಬೇಡ, ಆಣೆ ಹಾಕಿಸೋದೂ ಬೇಡ. ಒಬ್ಬರನ್ನೇ ಬಿಡದೆ 14416ಕ್ಕೆ ಅಲ್ಲೇ ಕೂತು ಫೋನ್ ಮಾಡಿ, ತಕ್ಷಣದ ಅಪಾಯ ಇದ್ರೆ 112 ಅಥವಾ 108.

ತೋಟದ ಔಷಧಿಗಳು ಮನೆಯಲ್ಲಿ, ಪಂಪ್‌ಹೌಸಲ್ಲಿ, ಜಗಲಿ ಮೂಲೆಯಲ್ಲಿ ಇರಬಾರದು. ಬೀಗ ಹಾಕಿ ಕೀಲಿ ನಿಮ್ಮ ಹತ್ರ ಇಟ್ಕೊಳ್ಳೋದಕ್ಕಿಂತ ಆ ಸೀಸನ್‌ಗೆ ಬೇರೆಯವರ ಮನೆಗೇ ಸಾಗಿಸಿಬಿಡಿ. ಉಳಿದ ಮಾತ್ರೆಗಳೂ ಅಷ್ಟೇ. ಆ ತೀವ್ರ ಹೊತ್ತು ಎಷ್ಟೋ ಸಲ ಸ್ವಲ್ಪದರಲ್ಲೇ ದಾಟುತ್ತೆ, ಆ ಹೊತ್ತಲ್ಲಿ ಕೈಗೆ ಸಿಗದಿರೋದೇ ಜೀವ ಉಳಿಸುತ್ತೆ.

ಕಾಫಿ_ಕಣ

ಒಪ್ಪಿದೆ. ಈಗ ಆಸ್ಪತ್ರೆ. ಹೋದ್ರೆ ದಾಖಲೆ ಆಗುತ್ತೆ, ಮಗಳ ಮದುವೆ, ಕೆಲಸ ಅಂತ ಹಿಂಜರಿಯೋರೇ ಜಾಸ್ತಿ.

ನರ್ಸಕ್ಕ_ಹಾಸನ

ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ 2017ರದ್ದು. ಚಿಕಿತ್ಸೆಯ ಮಾಹಿತಿ ಗುಟ್ಟಾಗಿಡೋದು ಅದರ ಪ್ರಕಾರ ರೋಗಿಯ ಹಕ್ಕು, ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ರೆ ಆಸ್ಪತ್ರೆಯವರು ಹೊರಗೆ ಹೇಳೋ ಹಾಗಿಲ್ಲ. ಮೈಯ ಕಾಯಿಲೆಗೆ ಕೊಡೋ ಹಾಗೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ.

ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ, ಚಿಕ್ಕಮಗಳೂರಲ್ಲಿ ಜಿಲ್ಲಾ ಆಸ್ಪತ್ರೆ. ಅಲ್ಲಿನ ಮನೋವೈದ್ಯ ವಿಭಾಗ ಕೇಳಿ. ಅಷ್ಟು ದೂರ ಆಗಲ್ಲ ಅಂದ್ರೆ ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಏರ್ಪಾಡು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೊರಡಿ. ಮಾತ್ರೆ ಬರೆಯೋದು ಮನೋವೈದ್ಯರು, ಮಾತಿನ ಚಿಕಿತ್ಸೆ ಮನಶ್ಶಾಸ್ತ್ರಜ್ಞರು. ಮೊದಲ ಸಲಕ್ಕೆ ಮನೋವೈದ್ಯರೇ ಸರಿ, ಮೈಯ ಕಾರಣವನ್ನೂ ಅವರು ತೂಗಿ ನೋಡ್ತಾರೆ.

ಓಪಿಡಿಯಲ್ಲಿ ಸಿಗೋ ಹೊತ್ತು ಕಮ್ಮಿ. ಅದಕ್ಕೆ ಅರ್ಧ ಪುಟದ ಚೀಟಿ, ಹೀಗೆ: "ಏಪ್ರಿಲ್ ಕೊನೆಯಿಂದ. ಮೂರೂವರೆಗೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ತೂಕ 62ರಿಂದ 58. ಬೆಳಗ್ಗೆ ಜಾಸ್ತಿ, ಸಂಜೆ ಸ್ವಲ್ಪ ವಾಸಿ. ಪಿಎಚ್‌ಕ್ಯೂ 14, 16, 16. ಈಗಿನ ಮಾತ್ರೆ ಇವು. ಮದ್ಯ ಇಷ್ಟು. ಮನೆತನದಲ್ಲಿ ಯಾರಿಗಾದ್ರೂ ಇತ್ತಾ. ಹಿಂದೆ ಅತಿ ಉತ್ಸಾಹದ ದಿನ ಇದ್ವಾ." ಗ್ಯಾಸು, ತಲೆನೋವು ಕೊನೇ ಸಾಲಿಗೆ ಬರಲಿ. ಅದನ್ನೇ ಮೊದಲು ಹೇಳಿದ್ರೆ ಹೊಟ್ಟೆ ಮಾತ್ರೆ ಹಿಡ್ಕೊಂಡು ವಾಪಸ್ ಬರ್ತೀರಿ.

ಹೇಮಾವತಿ_ದಂಡೆ

ಇಷ್ಟೆಲ್ಲ ಬರೆದುಕೊಂಡು ಹೋಗಿಯೂ ಡಾಕ್ಟರ ಮುಂದೆ ಕೂತ ತಕ್ಷಣ "ಏನಿಲ್ಲ ಸಾರ್, ಚೆನ್ನಾಗಿದ್ದೀನಿ" ಅನ್ನೋರಿಗೆ?

ಸಮಾಲೋಚಕಿ_ಬೇಲೂರು

ಮಾತಾಡಬೇಡಿ, ಚೀಟಿಯನ್ನ ಮೇಜಿನ ಮೇಲಿಡಿ. ಆ ಚೀಟಿ ಬೆಳಗ್ಗೆ ಬರೆದದ್ದಾಗಿರಲಿ. ಸಂಜೆ ಮನಸ್ಸು ಹಗುರವಾಗಿರುತ್ತೆ, ಆಗ ಬರೆದ್ರೆ ಎಲ್ಲವೂ ಕಮ್ಮಿಯಾಗೇ ಕಾಣುತ್ತೆ, "ನಾಳೆ ಹೋಗೋದೇ ಬೇಡ" ಅಂತಲೂ ಅನ್ಸುತ್ತೆ. ಓಪಿಡಿ ಇರೋದು ಬೆಳಗ್ಗೆ, ಏಳೋದೇ ಕಷ್ಟವಾಗೋ ಹೊತ್ತಲ್ಲಿ. ಅದಕ್ಕೆ ಬಟ್ಟೆ, ಬಸ್ಸಿನ ಚಿಲ್ಲರೆ, ಆಧಾರ್ ಕಾರ್ಡ್, ರಕ್ತಪರೀಕ್ಷೆ ವರದಿ ಹಿಂದಿನ ರಾತ್ರಿಯೇ ಒಂದು ಚೀಲಕ್ಕೆ ಹಾಕಿ ಬಾಗಿಲ ಹತ್ರ ಇಡಿ. ಜೊತೆಗೆ ಬರೋರಿಗೆ ಇಂತಿಷ್ಟು ಗಂಟೆಗೆ ಅಂತ ಹೇಳಿಡಿ, ಫೋನ್ ಮಾಡದೆ ನೇರ ಮನೆಗೇ ಬರಲಿ.